ಹಿಲ್ಕಾಳ ಅರ್ಧ ಸ್ವರ

ಹಿಲ್ಕಾ ತೊಸ್ಸಾವೈನೆನ್ ತನ್ನ ಬದುಕಿನ ಲೆಕ್ಕವನ್ನು ಬಿಲಗಳಲ್ಲಿ ಇಡುತ್ತಿದ್ದಳು. "ಅದು ನಾನು ಒಲೆಯೊಳಗೆ ಇದ್ದಾಗ" ಎಂದರೆ ಅವಳ ಗಂಡ ತೀರಿಕೊಳ್ಳುವುದಕ್ಕೆ ಹಿಂದಿನ ವರ್ಷ. "ಕರಡಿ ಹೊಟ್ಟೆಯಲ್ಲಿ ಇದ್ದಾಗ" ಎಂದರೆ ಸೊಂಟನೋವು ಹತ್ತಿಕೊಂಡ ವರ್ಷ. ಪಾದ್ರಿಯ ಉಪದೇಶಪೀಠದ ಕೆಳಗೆ, ಕಾಗದದ ಕಾರ್ಖಾನೆಯ ಉರುಳೆಯಲ್ಲಿ, ಟೆಲಿಫೋನ್ ಎಕ್ಸ್‌ಚೇಂಜಿನ ಬೀರುವಿನಲ್ಲಿ, ಹೀಗೆ ಇಪ್ಪತ್ತಾರು ವರ್ಷದಲ್ಲಿ ಇಪ್ಪತ್ತಾರು ಬಿಲ. ಕುವೊಪಿಯೊ ಊರಿನ ಸತಾಮಾ ಒಪೆರಾ ಕಂಪನಿಯಲ್ಲಿ ಅವಳು ಪ್ರಾಂಪ್ಟರ್. ಹಾಡುವವರು ಸಾಲು ಮರೆತರೆ ಮೆಲ್ಲಗೆ ಎತ್ತಿಕೊಡಬೇಕು, ಆದರೆ ಪ್ರೇಕ್ಷಕರ ಕಣ್ಣಿಗೆ ಬೀಳಬಾರದು. ದೊಡ್ಡ ಒಪೆರಾ ಮಂದಿರಗಳಲ್ಲಿ ಇದಕ್ಕೆಂದೇ ರಂಗದ ಮುಂಭಾಗದಲ್ಲಿ ಒಂದು ಗೂಡು ಕಟ್ಟಿರುತ್ತಾರೆ. ಸತಾಮಾ ಕಂಪನಿ ಇರುವುದು ಬಂದರಿನ ಹಳೆಯ ಉಗ್ರಾಣದಲ್ಲಿ. ಅಲ್ಲಿ ನೆಲ ಕೊರೆದರೆ ನೀರು ಬರುತ್ತದೆ. ಹಾಗಾಗಿ ಪ್ರತಿ ಸಲವೂ ರಂಗದ ಮೇಲೆ ಏನಿರುತ್ತದೋ ಅದರೊಳಗೇ ಹಿಲ್ಕಾಳನ್ನು ತುರುಕುತ್ತಿದ್ದರು.

ಕಂಪನಿಗೆ ಇದ್ದದ್ದು ಒಂದೇ ನಿಯಮ: ಸಂಗೀತ ಬರೆದವನು ಬದುಕಿರಬೇಕು. ಸತ್ತವರ ಒಪೆರಾ ಆಡುವುದಕ್ಕೆ ಪ್ರಪಂಚದ ತುಂಬ ಬೇಕಾದಷ್ಟು ಜನರಿದ್ದಾರೆ, ನಾವು ವರ್ಷಕ್ಕೊಂದು ಹೊಸದನ್ನು ಬರೆಸಿ ಆಡೋಣ ಎಂದು ಕಂಪನಿ ಕಟ್ಟಿದ ಅಹ್ತಿ ಹುಸ್ಕೊನೆನ್ ಆರಂಭದ ದಿನವೇ ಭಾಷಣ ಮಾಡಿದ್ದ. ಉದಾತ್ತವಾದ ವಿಚಾರ. ಬದುಕಿರುವ ಸಂಯೋಜಕರಲ್ಲಿ ಒಂದೇ ತೊಡಕು, ಅವರು ತಾಲೀಮಿಗೆ ಬರುತ್ತಾರೆ. ಬಂದು ಎರಡನೆಯ ಸಾಲಿನಲ್ಲಿ ಕೂತು ಕಣ್ಣು ಮುಚ್ಚುತ್ತಾರೆ. ಕಣ್ಣು ತೆರೆದಾಗ ಏನಾದರೊಂದನ್ನು ಬದಲಾಯಿಸಲೇಬೇಕಾಗಿರುತ್ತದೆ.

ಇಂಥ ಒಪೆರಾಗಳಲ್ಲಿ ಮಾತು ಮರೆಯುವುದು ಸಣ್ಣ ಸಂಕಟ. ಯಾವ ಸ್ವರದಿಂದ ಶುರು ಮಾಡಬೇಕು ಎನ್ನುವುದು ದೊಡ್ಡ ಸಂಕಟ. ಒಬ್ಬ ತಗಡು ಬಡಿಯುತ್ತಿರುತ್ತಾನೆ, ಇನ್ನೊಬ್ಬಳು ಪಿಟೀಲಿನ ಬೆನ್ನು ಉಜ್ಜುತ್ತಿರುತ್ತಾಳೆ, ಅದರ ನಡುವೆ ಗಾಯಕ ತನ್ನ ಸ್ವರವನ್ನು ಗಾಳಿಯಿಂದ ಹಿಡಿಯಬೇಕು. ತಂಬೂರಿಯಿಲ್ಲ, ಶ್ರುತಿಪೆಟ್ಟಿಗೆಯಿಲ್ಲ. ಇದ್ದದ್ದು ಹಿಲ್ಕಾ. ಸರದಿ ಬರುವುದಕ್ಕೆ ಒಂದು ಕ್ಷಣ ಮೊದಲು ಅವಳು ಬಿಲದೊಳಗಿಂದ ಸಣ್ಣಗೆ ಗುನುಗಿ ಸ್ವರ ಕೊಡುತ್ತಿದ್ದಳು, ಗಾಯಕರು ಹಿಡಿದುಕೊಳ್ಳುತ್ತಿದ್ದರು.

ಆ ಕಿವಿ ಅವಳಿಗೆ ಹುಟ್ಟಿನಿಂದ ಬಂದದ್ದು. ಯಾವ ವಾದ್ಯದ ಆಸರೆಯೂ ಇಲ್ಲದೆ ಯಾವ ಸದ್ದನ್ನಾದರೂ ಇಂಥ ಸ್ವರ ಎಂದು ಹೇಳಬಲ್ಲವಳು. ಏಳನೆಯ ವಯಸ್ಸಿನಲ್ಲಿ, ಪಾದ್ರಿ ಪ್ರಾರ್ಥನೆಯ ನಡುವೆ ಸೀನಿದಾಗ, ಆ ಸೀನು ಯಾವ ಸ್ವರದಲ್ಲಿತ್ತು ಎಂದು ಗಟ್ಟಿಯಾಗಿ ಹೇಳಿ ಚರ್ಚಿನಿಂದ ಹೊರಗೆ ಹಾಕಿಸಿಕೊಂಡಿದ್ದಳು. ಮುಂದೆ ಶಾಲೆಯಲ್ಲಿ ಸಂಗೀತದ ಮೇಡಂ ಆದಳು, ಅದಾದಮೇಲೆ ಕಂಪನಿಗೆ ಬಂದಳು. "ನನ್ನಲ್ಲೇನೂ ದೊಡ್ಡಸ್ತಿಕೆ ಇಲ್ಲಪ್ಪ" ಎಂದು ಅವಳು ಆಗಾಗ ಹೇಳುತ್ತಿದ್ದಳು. "ನಾನಿಲ್ಲದೆ ಇವರ ಕೈಲಿ ಒಂದು ಸಾಲೂ ಎತ್ತೋಕಾಗಲ್ಲ, ಅಷ್ಟೇ." ಅವಳ ಬಳಿ ಒಂದು ಕೆಂಪು ಪುಸ್ತಕವಿತ್ತು. ಯಾವ ದಿನ ಯಾರು ಎಲ್ಲಿ ತಪ್ಪಿದರು ಎಂದು ಅದರಲ್ಲಿ ಬರೆದಿಡುತ್ತಿದ್ದಳು. ಕಳೆದೆರಡು ವರ್ಷಗಳಿಂದ ಆ ಪುಸ್ತಕದ ಪುಟಪುಟದಲ್ಲೂ ಒಂದೇ ದೂರು: ಕೊಟ್ಟ ಸ್ವರಕ್ಕಿಂತ ಏರಿದ್ದಾನೆ. ಏರಿದ್ದಾಳೆ. ಎಲ್ಲರೂ ಏರಿದ್ದಾರೆ.

ಈ ವರ್ಷದ ಒಪೆರಾ ಒಂದು ಸರೋವರದ ಕಥೆ. ನೂರೈವತ್ತು ವರ್ಷದ ಹಿಂದೆ ಒಂದು ಹಳ್ಳಿಯವರು ಹುಲ್ಲುಗಾವಲಿಗೆ ಜಾಗ ಬೇಕೆಂದು ಸರೋವರವನ್ನು ಒಂದು ಮೊಳ ಇಳಿಸಲು ಕಾಲುವೆ ತೋಡುತ್ತಾರೆ. ಕಾಲುವೆ ಕುಸಿದು ಇಡೀ ಸರೋವರವೇ ಎದ್ದು ಹೋಗುತ್ತದೆ. ಬರೆದವನು ಹೆಲ್ಸಿಂಕಿಯ ವಾಲ್ತೆರಿ, ಮೂವತ್ತನಾಲ್ಕು ವಯಸ್ಸಿನವನು, ವಾದ್ಯವೃಂದವನ್ನೂ ತಾನೇ ನಡೆಸುವವನು. ಕಾಲುವೆ ತೋಡಿಸಿದ ಯಜಮಾನನ ಪಾತ್ರ ಕೌಕೊನದು. ಅವನು ಕಂಪನಿಯ ಮೊದಲ ವರ್ಷದಿಂದಲೂ ಇರುವ ದಪ್ಪ ಕಂಠದವನು, ದಪ್ಪ ಮನುಷ್ಯನೂ ಹೌದು. ಮೇಳದ ಹದಿನೆಂಟು ಜನ ಮೀನುಗಳು. ಹಿಲ್ಕಾಳಿಗೆ ಸಿಕ್ಕಿದ್ದು ರಂಗದ ಮುಂದೆ ಬೋರಲು ಬಿದ್ದ ದೋಣಿ.

"ದೋಣಿ ಪರವಾಗಿಲ್ಲ" ಎಂದಳು ಹಿಲ್ಕಾ ಮೊದಲ ದಿನ, ಒಳಗೆ ತೂರಿ ನೋಡಿ. "ಕರಡಿಗಿಂತ ಗಾಳಿ ಆಡುತ್ತೆ."

ಎರಡನೆಯ ವಾರ ತಾಲೀಮಿನ ನಡುವೆ ಅವಳು ದೋಣಿಯ ಅಂಚಿನಿಂದ ತಲೆ ಹೊರಹಾಕಿದಳು.

"ಕೌಕೊ, ಮತ್ತೆ ಏರಿದೀಯ."

"ಹೌದಾ? ಇರಬಹುದು."

"ಇರಬಹುದು ಏನು, ಇದೆ. ನಾನು ಕೊಟ್ಟ ಸ್ವರ ಬಿಟ್ಟು ಮೇಲೆ ಹತ್ತಿ ಕೂತಿದ್ದೀಯ. ನಿನ್ನ ವಯಸ್ಸಿಗೆ ಜನ ಕೆಳಗಿಳೀತಾರೆ, ನೀನು ಏಣಿ ಹತ್ತೋಕೆ ಹೊರಟಿದ್ದೀಯಲ್ಲ."

"ನೋಡ್ಕೊಳ್ತೀನಿ ಕಣೇ" ಎಂದ ಕೌಕೊ, ಹೊಟ್ಟೆಯ ಮೇಲೆ ಕೈಯಿಟ್ಟು. "ಬೆಳಗ್ಗೆ ಊಟ ಜಾಸ್ತಿಯಾಯ್ತು. ಅದಕ್ಕೇ ಇರಬಹುದು."

ಕುವೊಪಿಯೊ ಇರುವ ಸಾವೊ ಸೀಮೆಯ ಜನ ಹೀಗೆಯೇ. ಅವರ ಬಾಯಿಂದ ಹೌದು ಬರುವುದಿಲ್ಲ, ಇಲ್ಲವೂ ಬರುವುದಿಲ್ಲ. ಅವರು ಒಂದು ಮಾತು ಆಡಿದ ಮೇಲೆ ಅದರ ಅರ್ಥದ ಹೊಣೆ ಪೂರ್ತಿ ಕೇಳಿದವರದು. ಹಿಲ್ಕಾ ಕೂಡ ಅಲ್ಲಿಯವಳೇ; ಆದರೆ ಸ್ವರದ ವಿಷಯ ಬಂದರೆ ಮಾತ್ರ ನೇರ ಮಾತು. ಅದು ತನ್ನ ಹಕ್ಕು ಎಂದು ತಿಳಿದಿದ್ದಳು.

ಆದರೆ ಏರಿದ್ದು ಕೌಕೊ ಒಬ್ಬನೇ ಆಗಿರಲಿಲ್ಲ. ತಾಲೀಮಿನ ಪಿಯಾನೋ ಏರಿತ್ತು. ಶ್ರುತಿ ಮಾಡುವವನನ್ನು ಕರೆಸಿದಳು. ಅವನು ಬಂದ, ನೋಡಿದ, ಸರಿಯಿದೆ ಎಂದ. ಎರಡನೆಯ ಸಲ ಕರೆಸಿದಳು. ಅವನು ಪೆಟ್ಟಿಗೆ ಬಿಚ್ಚಲೂ ಇಲ್ಲ, ಕಾಫಿ ಕುಡಿದು, ಏಲಕ್ಕಿ ಬನ್ನು ತಿಂದು ಹೋದ. ಚರ್ಚಿನ ಆರ್ಗನ್ ಏರಿತ್ತು. ಅಡುಗೆಮನೆಯ ರೇಡಿಯೋ ಏರಿತ್ತು. ನಲವತ್ತು ವರ್ಷದಿಂದ ಎಫ್ ಸ್ವರದಲ್ಲೇ ಹಾರ್ನು ಹೊಡೆಯುತ್ತಿದ್ದ ಸರೋವರದ ಹಡಗು ಒಂದು ದಿನ ಅರ್ಧ ಸ್ವರ ಮೇಲಕ್ಕೆ ಹೊಡೆಯಿತು. ಹಿಲ್ಕಾ ಬಂದರಿನ ಕಚೇರಿಗೆ ಫೋನು ಮಾಡಿ ಹಾರ್ನು ಯಾವಾಗ ಬದಲಾಯಿಸಿದಿರಿ ಎಂದು ಕೇಳಿದಳು. ಬದಲಾಯಿಸಿಲ್ಲ ಎಂದರು. ಸುಳ್ಳು ಹೇಳುತ್ತಿದ್ದಾರೆ ಎಂದುಕೊಂಡಳು.

ಇಡೀ ಊರು ಅರ್ಧ ಸ್ವರ ಮೇಲಕ್ಕೆ ಹೋಗುವುದಕ್ಕೂ ಒಬ್ಬಳ ಕಿವಿ ಕೆಡುವುದಕ್ಕೂ ಯಾವುದಕ್ಕೆ ಸಂಭವ ಹೆಚ್ಚು? ಈ ಪ್ರಶ್ನೆ ಬೇರೆ ಯಾರಿಗಾದರೂ ಮೊದಲ ವಾರವೇ ಹೊಳೆಯುತ್ತಿತ್ತು. ಹಿಲ್ಕಾಳಿಗೆ ಎರಡು ವರ್ಷ ಬೇಕಾಯಿತು. ಅದೂ ಅವಳಿಗೆ ಹೊಳೆದದ್ದಲ್ಲ. ಶೀತಕ್ಕೆ ಔಷಧ ತರಲು ಹೋದವಳು ಊರೆಲ್ಲ ಏರಿದೆ ಎಂದು ದೂರಿದಾಗ ಕಿವಿಯ ಡಾಕ್ಟರು ಹೇಳಿದ್ದು.

"ಹುಟ್ಟಾ ಇಂಥ ಕಿವಿ ಇರೋರಿಗೆ ಐವತ್ತು ದಾಟಿದ ಮೇಲೆ ಹೀಗಾಗೋದುಂಟು" ಎಂದಳು ಆ ಡಾಕ್ಟರು. "ಒಳಗಿನ ಅಳತೆಗೋಲು ಮೆಲ್ಲಗೆ ಜಾರುತ್ತೆ. ಎಲ್ಲ ಸ್ವರವೂ ಏರಿದ ಹಾಗೆ ಕೇಳಿಸುತ್ತೆ."

"ಹಾಗಾದ್ರೆ ಊರು ಸರಿಯಾಗಿದೆ ಅಂತೀಯ?"

"ಊರಿನ ಬಗ್ಗೆ ನಾನೇನೂ ಹೇಳಲ್ಲ. ನಿನ್ನ ಕಿವಿ ವಿಷಯ ಹೇಳ್ತಿದ್ದೀನಿ."

"ಸರಿಹೋಗುತ್ತಾ?"

"ಇಲ್ಲ. ಇನ್ನೂ ಸ್ವಲ್ಪ ಜಾರಬಹುದು."

ಬಸ್ಸಿನಲ್ಲಿ ಕೂತು ಹಿಲ್ಕಾ ಯೋಚಿಸಿದಳು. ಕೇಳುವುದೆಲ್ಲ ಅರ್ಧ ಸ್ವರ ಮೇಲೆ ಕೇಳುತ್ತಿದ್ದರೆ, ತಾನು ಕೊಡುವುದೆಲ್ಲ ಅರ್ಧ ಸ್ವರ ಕೆಳಗಿರಬೇಕು. ಎರಡು ವರ್ಷ, ಎರಡು ಒಪೆರಾ, ಒಂದೊಂದರಲ್ಲೂ ಮುನ್ನೂರು ನಾನೂರು ಸ್ವರ. ಎಲ್ಲ ಕೆಳಗೆ. ಬಡಪಾಯಿಗಳು ತಾನು ಕೊಟ್ಟದ್ದನ್ನೇ ನಂಬಿ ಹಾಡಿರಬೇಕು. ಇಡೀ ಕಂಪನಿಯನ್ನೇ ತಾನೊಬ್ಬಳು ಕೆಳಕ್ಕೆ ಎಳೆದಳಲ್ಲ ಎಂದು ಕಣ್ಣಲ್ಲಿ ನೀರು ಬಂತು. ಆ ನೀರಿನಲ್ಲೂ ಒಂದಿಷ್ಟು ಹೆಮ್ಮೆ ಕರಗಿತ್ತು ಎನ್ನುವುದನ್ನು ಮುಚ್ಚಿಡಬಾರದು. ಹಾಗಾದರೆ ಅವರೆಲ್ಲ ಏರಿದ ಹಾಗೆ ಯಾಕೆ ಕೇಳುತ್ತಿತ್ತು ಎಂದು ಅವಳು ಅಲ್ಲಿಯೇ ಯೋಚಿಸಿದ್ದರೆ ಈ ಕಥೆ ಬಸ್ಸಿನಲ್ಲೇ ಮುಗಿಯುತ್ತಿತ್ತು. ಅವಳ ತಲೆಯಲ್ಲಿ ಇನ್ನೊಂದು ಭಯ ಹೊಕ್ಕಿತ್ತು.

ಅಹ್ತಿಯ ಮೇಜಿನ ಮೇಲೆ ಹಿಂದಿನ ವರ್ಷದಿಂದ ಒಂದು ಬಣ್ಣದ ಪುಸ್ತಿಕೆ ಬಿದ್ದಿತ್ತು. ಗಾಯಕರ ಕಿವಿಯೊಳಗೆ ಕಡಲೆಕಾಳಿನಷ್ಟು ಯಂತ್ರ ಇಟ್ಟರೆ ಸಾಕು, ಸ್ವರ ನೇರವಾಗಿ ಒಳಗೇ ಹೋಗುತ್ತದೆ, ಪ್ರಾಂಪ್ಟರ್ ಬೇಡ. ತನ್ನ ಕಿವಿಯ ಸುದ್ದಿ ಹೊರಬಿದ್ದರೆ ಆ ಪುಸ್ತಿಕೆ ತೆರೆಯುತ್ತದೆ, ತನ್ನ ದೋಣಿ ಮುಚ್ಚುತ್ತದೆ. ಐವತ್ತೊಂಬತ್ತನೆಯ ವಯಸ್ಸಿನಲ್ಲಿ, ಇಪ್ಪತ್ತಾರು ಬಿಲಗಳಲ್ಲಿ ಕೂತು ಬಂದ ಮೇಲೆ, ಸೋಫಾದ ಮೇಲೆ ಕೂರುವುದು ಹೇಗೆಂದು ಅವಳಿಗೆ ಗೊತ್ತಿರಲಿಲ್ಲ.

ಸುದ್ದಿ ಹೊರಗೆ ಬೀಳದ ಹಾಗೆ ಸರಿಪಡಿಸಿಕೊಳ್ಳುವ ಉಪಾಯ ಒಂದಿತ್ತು. ಮನಸ್ಸಿಗೆ ಯಾವ ಸ್ವರ ಬರುತ್ತದೋ ಅದಕ್ಕಿಂತ ಅರ್ಧ ಮೇಲೆ ಕೊಡುವುದು. ಮೂರು ದಿನ ಮನೆಯಲ್ಲಿ ಕೂತು, ಒಂದೇ ಸ್ವರ ಮಿಡಿಯುವ ಪುಟ್ಟ ಉಕ್ಕಿನ ಶ್ರುತಿಕವಲನ್ನು ಮೊಣಕಾಲಿಗೆ ತಟ್ಟಿ ತಟ್ಟಿ ನೋಡಿ ರೂಢಿ ಮಾಡಿಕೊಂಡಳು. ಕಿವಿಗೆ ಕಲ್ಲು ತಿಕ್ಕಿದ ಹಾಗೆ ಹಿಂಸೆಯಾಯಿತು. ಆದರೂ ಪ್ರಥಮ ಪ್ರದರ್ಶನದ ಹಿಂದಿನ ದಿನ, ವೇಷ ತೊಟ್ಟು ಆಡುವ ಕೊನೆಯ ತಾಲೀಮಿಗೆ ಹೊತ್ತಾದಾಗ, ಯಾರಿಗೂ ಒಂದು ಮಾತು ಹೇಳದೆ ದೋಣಿಯೊಳಗೆ ತೂರಿದಳು.

ಬೆಳಗಿನ ಹನ್ನೊಂದಕ್ಕೆ ಶುರುವಾಯಿತು. ತಗಡು ಮೊಳಗಿತು. ಹಿಲ್ಕಾ ಉಸಿರೆಳೆದು, ಲೆಕ್ಕ ಹಾಕಿ, ಜೀವಮಾನದಲ್ಲೇ ಅತ್ಯಂತ ಎಚ್ಚರದಿಂದ ಕೌಕೊನಿಗೆ ಸ್ವರ ಕೊಟ್ಟಳು. ಕೌಕೊ ಬಾಯಿ ತೆರೆದ. ವಾಲ್ತೆರಿಯ ಕೈ ಗಾಳಿಯಲ್ಲಿ ಒಂದು ಕ್ಷಣ ತಡೆಯಿತು. ಕೌಕೊ ಅರ್ಧ ಸ್ವರ ಮೇಲಿದ್ದ. ಆಮೇಲೆ ಮೀನುಗಳ ಸರದಿ. ಹಿಲ್ಕಾ ಕೊಟ್ಟಳು. ಹದಿನೆಂಟು ಮೀನುಗಳೂ ಒಂದೇ ಮನಸ್ಸಿನಿಂದ, ತುಂಬು ನಂಬಿಕೆಯಿಂದ, ವಾದ್ಯಗಳಿಗಿಂತ ಅರ್ಧ ಸ್ವರ ಮೇಲೆ ಹಾಡಿದವು. ಸರೋವರ ಒಂದು ಶ್ರುತಿಯಲ್ಲಿತ್ತು, ಅದರಲ್ಲಿದ್ದ ಮೀನು ಇನ್ನೊಂದರಲ್ಲಿ. ಪಿಟೀಲಿನವಳು ತನ್ನ ಪಿಟೀಲನ್ನು ಅನುಮಾನದಿಂದ ನೋಡಿಕೊಂಡಳು. ವಾಲ್ತೆರಿ ಕೈ ಇಳಿಸಿದ.

"ಏನಾಗ್ತಿದೆ ಇಲ್ಲಿ?" ಎಂದ. ಹೆಲ್ಸಿಂಕಿಯವನು, ಹೀಗೆ ನೇರವಾಗಿ ಕೇಳಿಬಿಟ್ಟ.

ಇಂಥ ಹೊತ್ತಿಗೆ ಆ ಊರಿನಲ್ಲಿ ಮಾಡುವುದನ್ನೇ ಅಹ್ತಿ ಮಾಡಿದ. ಕಾಫಿಗೆ ಬಿಡುವು ಎಂದು ಹೇಳಿದ.

ಉದ್ದನೆಯ ಮೇಜಿನ ಸುತ್ತ ಕಿವಿರು ಬಾಲ ಸಮೇತ ಎಲ್ಲರೂ ಕೂತರು. ರೈ ಹಿಟ್ಟಿನೊಳಗೆ ಮೀನು ತುಂಬಿ ಬೇಯಿಸಿದ ದೊಡ್ಡ ರೊಟ್ಟಿಯನ್ನು ಯಾರೋ ಕತ್ತರಿಸಿದರು, ಮೀನುಗಳು ತಿಂದವು. ವಾಲ್ತೆರಿ ಒಬ್ಬೊಬ್ಬರ ಮುಖ ನೋಡುತ್ತ ಕಾದ.

"ಹವಾ ಬದಲಾಯಿಸಿದೆ" ಎಂದ ಕೌಕೊ ಕೊನೆಗೆ.

"ಹವಾದಿಂದ ಹತ್ತೊಂಬತ್ತು ಜನ ಒಂದೇ ಅಳತೆಗೆ ಏರ್ತಾರಾ?"

"ಏರಲ್ಲ ಅಂತ ಹೇಳೋಕಾಗಲ್ಲ." ಕೌಕೊ ಲೋಟ ತಿರುಗಿಸಿದ. "ಈಗ ನೋಡು, ಒಂದು ಮನೇಲಿ ಗಡಿಯಾರ ಐದು ನಿಮಿಷ ಹಿಂದೆ ಇದೆ ಅಂತಿಟ್ಕೊ. ಮನೆಯವರಿಗೆಲ್ಲ ಗೊತ್ತು. ನೋಡ್ತಾರೆ, ಐದು ಕೂಡಿಸ್ಕೊಳ್ತಾರೆ, ಬಸ್ಸು ಹಿಡೀತಾರೆ. ಹಳೇ ಗಡಿಯಾರ, ಗೋಡೆ ಮೇಲೆ ಲಕ್ಷಣವಾಗಿದೆ, ಅದಕ್ಕೆ ಹೇಳಿ ಏನಾಗ್ಬೇಕು? ಒಂದು ದಿನ ಗಡಿಯಾರ ಯಾರಿಗೂ ಹೇಳದೆ ತಾನೇ ಸರಿಹೋಗಿಬಿಡುತ್ತೆ. ಮನೆಯವರು ಐದು ಕೂಡಿಸ್ಕೊಂಡೇ ಹೊರಡ್ತಾರೆ."

"ಯಾವ ಗಡಿಯಾರ?" ಎಂದ ವಾಲ್ತೆರಿ. "ನಾನು ಒಪೆರಾ ವಿಷಯ ಕೇಳ್ತಿದ್ದೀನಿ."

"ನಾನು ಕಣೋ ಗಡಿಯಾರ" ಎಂದಳು ಹಿಲ್ಕಾ.

ಮೇಜಿನ ಸುತ್ತ ಎಲ್ಲರಿಗೂ ತಟ್ಟೆಯಲ್ಲಿದ್ದ ಬನ್ನಿನ ಮೇಲಿನ ಸಕ್ಕರೆ ಹರಳುಗಳನ್ನು ಎಣಿಸುವ ಕೆಲಸ ಬಿತ್ತು.

"ಎಷ್ಟು ದಿನದಿಂದ ಗೊತ್ತು?" ಎಂದು ಅವಳೇ ಕೇಳಿದಳು.

"ದಿನ ಅಂತ ಲೆಕ್ಕ ಇಟ್ಟಿಲ್ಲ" ಎಂದ ಕೌಕೊ. "ನೀನು ಕರಡಿಯಿಂದ ಹೊರಗೆ ಬಂದ ಮೇಲೆ."

"ಎರಡು ವರ್ಷ. ಹದಿನೆಂಟು ಜನಕ್ಕೂ ಗೊತ್ತಾ?" ಮೀನುಗಳು ತಲೆಯನ್ನು ಇನ್ನಷ್ಟು ತಗ್ಗಿಸಿದವು. "ಅಹ್ತಿ, ನಿನಗೆ?"

"ನಾನು ಹಾಡೋನಲ್ಲವಲ್ಲ."

"ಗೊತ್ತಿತ್ತಾ ಅಂತ ಕೇಳಿದೆ."

"ಗೊತ್ತಿರಲಿಲ್ಲ ಅಂತ ಹೇಳೋದು ಸ್ವಲ್ಪ ಕಷ್ಟ ಆಗುತ್ತೆ" ಎಂದ ಅಹ್ತಿ.

"ನಾನು ಎರಡು ವರ್ಷ ನಿಮ್ಮನ್ನ ಏರಿದೀರ ಏರಿದೀರ ಅಂತ ಬೈದೆ."

"ಬೈದೆ" ಎಂದ ಕೌಕೊ.

"ಸರಿಯಾಗಿ ಹಾಡಿದ್ದಕ್ಕೆ ಬೈದೆ."

"ಸುಮಾರಾಗಿ ಸರಿಯಾಗಿ."

"ಯಾಕೆ ಬೈಸ್ಕೊಂಡ್ರಿ?"

"ನಿನಗೆ ಖುಷಿಯಾಗ್ತಿತ್ತು" ಎಂದ ಕೌಕೊ.

ಹಿಲ್ಕಾ ಎದ್ದು ಕಿಟಕಿಯ ಬಳಿ ಹೋಗಿ ನಿಂತಳು. ಅವಳಿಗೆ ನಿಜವಾಗಿ ಚುಚ್ಚಿದ್ದು ತಪ್ಪು ಸ್ವರ ಕೊಟ್ಟದ್ದಲ್ಲ; ತಾನು ಕಂಪನಿಯನ್ನು ಕೆಳಕ್ಕೆ ಎಳೆದಿರಲೇ ಇಲ್ಲ ಎನ್ನುವುದು. ಅಷ್ಟು ತೂಕವೂ ತನಗಿರಲಿಲ್ಲ. ಒಬ್ಬಳ ಕಿವಿಯ ಮೇಲೆ ನಿಂತಿದೆ ಎಂದುಕೊಂಡಿದ್ದ ಒಪೆರಾ ಹತ್ತೊಂಬತ್ತು ಜನರ ಮರ್ಯಾದೆಯ ಮೇಲೆ ನಿಂತಿತ್ತು.

"ಆ ಯಂತ್ರ ತರಿಸಿದ್ರೆ ಮುಗೀತಿತ್ತಲ್ಲ" ಎಂದಳು, ತಿರುಗದೆ.

"ತರಿಸಿದ್ದೆ" ಎಂದ ಅಹ್ತಿ. "ಕಳೆದ ವರ್ಷ. ಬೀರುವಿನಲ್ಲಿದೆ."

"ಕಿವಿಯೊಳಗೆ ಅತ್ತೆ ಕೂತ ಹಾಗಿತ್ತು" ಎಂದ ಕೌಕೊ. "ಸ್ವರ ಸರಿಯಾಗೇ ಕೊಡುತ್ತೆ. ಆದ್ರೆ ಉಸಿರೆಳೆಯಲ್ಲ. ನೀನು ದೋಣಿಯೊಳಗೆ ಉಸಿರೆಳೆದ ಸದ್ದಿಗೆ ಎಲ್ಲರೂ ಒಟ್ಟಿಗೆ ಎತ್ತೋದು ನಾವು. ಜೊತೆಗೆ ಅದಕ್ಕೆ ಬ್ಯಾಟರಿ ಬೇರೆ ಹಾಕ್ಬೇಕು."

ವಾಲ್ತೆರಿಗೆ ಈಗ ತಲೆ ಓಡಿತು. "ಇದು ಸುಲಭ ಅಲ್ವಾ? ನಾಳೆ ಅವಳು ಸರಿಯಾಗಿ ಕೊಡಲಿ. ನೀವು ಕೂಡಿಸ್ಕೊಳ್ಳೋದು ಬಿಡಿ."

"ಎರಡು ವರ್ಷದ ಅಭ್ಯಾಸ" ಎಂದ ಕೌಕೊ. "ಕೆಲವರು ಬಿಡ್ತಾರೆ, ಕೆಲವರು ಮರೀತಾರೆ."

ಅರ್ಧ ಮೀನು ಕೆಳಗೆ, ಅರ್ಧ ಮೀನು ಮೇಲೆ. ವಾಲ್ತೆರಿ ಅದನ್ನು ಮನಸ್ಸಿನಲ್ಲಿ ಕೇಳಿಸಿಕೊಂಡು ಬಿಳಿಚಿಕೊಂಡ. ಆಮೇಲೆ ಅವನ ಮುಖದಲ್ಲಿ ಏನೋ ಬೆಳಕು ಮೂಡಿತು; ಮೆಲ್ಲಗೆ ಕಣ್ಣು ಮುಚ್ಚತೊಡಗಿದ.

"ಕಣ್ಣು ಮುಚ್ಚಬೇಡ" ಎಂದ ಅಹ್ತಿ. "ನಾಳೆ ಪ್ರದರ್ಶನ." ಆಮೇಲೆ ಕಿಟಕಿಯ ಕಡೆ ನೋಡಿದ. "ಹಿಲ್ಕಾ, ಹಳೇ ಥರಾನೇ ಕೊಟ್ಟುಬಿಡ್ತೀಯ?"

"ತಪ್ಪು ಅಂತ ಗೊತ್ತಿದ್ದೂ ತಪ್ಪು ಕೊಡೋಕೆ ನನಗೆ ಬರಲ್ಲ."

"ಎರಡು ವರ್ಷ ಚೆನ್ನಾಗೇ ಬಂದಿದೆಯಲ್ಲ" ಎಂದ ಕೌಕೊ.

ಮಾರನೆಯ ದಿನ ಹಿಲ್ಕಾ ಎರಡು ಗಂಟೆ ಹತ್ತು ನಿಮಿಷ ದೋಣಿಯಡಿ ಕೂತು, ಮುನ್ನೂರ ಎಂಬತ್ತೆರಡು ಸ್ವರಗಳನ್ನು ಬೇಕೆಂದೇ ತಪ್ಪಾಗಿ ಕೊಟ್ಟಳು. ಮೊದಲ ಅಂಕದಲ್ಲಿ ನಾಲಗೆ ಎರಡು ಸಲ ಸರಿಯ ಕಡೆ ಜಾರಲು ನೋಡಿತು. ಕೆನ್ನೆ ಕಚ್ಚಿ ತಡೆದಳು. ತಪ್ಪಿಗೂ ಒಂದು ಅಚ್ಚುಕಟ್ಟು ಬೇಕಾಗಿತ್ತು. ಅರ್ಧ ಎಂದರೆ ಅರ್ಧವೇ, ಕಾಲು ಅಲ್ಲ, ಮುಕ್ಕಾಲೂ ಅಲ್ಲ. ಹೊರಗೆ ಕೌಕೊ, ಮೀನುಗಳು, ತಗಡು, ಪಿಟೀಲು ಎಲ್ಲ ಅವಳ ಕಿವಿಗೆ ಏರಿಯೇ ಕೇಳುತ್ತಿದ್ದವು. ಸರೋವರ ಎದ್ದು ಹೋಗುವ ಕೊನೆಯ ದೃಶ್ಯ ಮುಗಿದಾಗ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರಂತೆ. ದೋಣಿಯೊಳಗಿಂದ ಅವಳಿಗೆ ಕಂಡದ್ದು ಬೂಟುಗಳು ಮಾತ್ರ. ಪತ್ರಿಕೆಯವನು ಮೀನುಗಳ ಶ್ರುತಿಶುದ್ಧತೆಯನ್ನು ಎರಡು ಸಾಲು ಹೊಗಳಿದ. ವಾಲ್ತೆರಿಯ ಬಗ್ಗೆ ಹನ್ನೊಂದು ಸಾಲು ಬರೆದ. ಅದರಲ್ಲಿ ಯಾವುದೂ ಯಾರಿಗೂ ಅರ್ಥವಾಗಲಿಲ್ಲ, ವಾಲ್ತೆರಿಯನ್ನು ಬಿಟ್ಟು.

ಕೊನೆಯ ಪ್ರದರ್ಶನದ ಮಧ್ಯಾಹ್ನ ಹಿಲ್ಕಾ ಅಹ್ತಿಗೆ ರಾಜೀನಾಮೆ ಪತ್ರ ಕೊಟ್ಟಳು. ಅವನು ಎರಡು ಸಲ ಓದಿ, ಮಡಚಿ, "ಬರವಣಿಗೆ ಚೆನ್ನಾಗಿದೆ" ಎಂದು ಜೇಬಿಗೆ ಹಾಕಿಕೊಂಡ. ಒಪ್ಪಿಕೊಂಡನೋ ಇಲ್ಲವೋ ತಿಳಿಯುವ ದಾರಿಯೇ ಇರಲಿಲ್ಲ. ಇಡೀ ಬೇಸಿಗೆ ಅವಳು ಬೆರ್ರಿ ಹಣ್ಣು ಕೀಳುತ್ತ, ಹಡಗಿನ ಹಾರ್ನಿಗೆ ಮುಖ ಸಿಂಡರಿಸುತ್ತ ಕಾದಳು. ಬರಬೇಡ ಎಂದು ಯಾರೂ ಹೇಳದಿದ್ದುದರಿಂದ ಆಗಸ್ಟ್ ತಿಂಗಳಲ್ಲಿ ಮೊದಲ ತಾಲೀಮಿಗೆ ಹೋದಳು.

ಆ ವರ್ಷದ ಒಪೆರಾ ಊರಿನ ಮೊದಲ ಹಲ್ಲಿನ ಡಾಕ್ಟರ ಮೇಲೆ. ನಡುವೆ ಒಂದು ದೊಡ್ಡ ಕಬ್ಬಿಣದ ಕುರ್ಚಿ. ಅದರ ಬುಡದಲ್ಲಿ ಒಬ್ಬರು ಮುದುಡಿ ಕೂರುವಷ್ಟು ಜಾಗವನ್ನು ಯಾರೋ ಆಗಲೇ ಕೊರೆದಿಟ್ಟಿದ್ದರು, ಒಳಗೊಂದು ದಿಂಬನ್ನೂ ಹಾಕಿದ್ದರು. ತಾಂಪೆರೆಯಿಂದ ಹೊಸದಾಗಿ ಬಂದಿದ್ದ ಎಲ್ಮೇರಿ ಎಂಬ ಎತ್ತರ ಕಂಠದ ಗಾಯಕ ನೇರ ಅವಳ ಬಳಿ ಬಂದು ಕೈಕುಲುಕಿದ.

"ನಿನ್ನ ಕಿವಿ ಬಗ್ಗೆ ತುಂಬಾ ಕೇಳಿದ್ದೀನಿ. ನೀನು ಕೊಟ್ಟದ್ದನ್ನ ಕಣ್ಣು ಮುಚ್ಚಿ ಹಾಡ್ತೀನಿ."

ಪಕ್ಕದಲ್ಲಿದ್ದ ಕೌಕೊ ಗಂಟಲು ಸರಿಮಾಡಿಕೊಂಡ. "ಅಂದ್ರೆ, ಇದರಲ್ಲಿ ಏನಪ್ಪಾ ಅಂದ್ರೆ, ಒಂದೊಂದು ಊರಿನ ಪದ್ಧತಿ..."

"ನಾನು ಕೊಡೋ ಸ್ವರ ಅರ್ಧ ಕೆಳಗಿರುತ್ತೆ" ಎಂದಳು ಹಿಲ್ಕಾ. "ಕಿವಿ ಜಾರಿದೆ. ನೀನು ಅರ್ಧ ಕೂಡಿಸ್ಕೋಬೇಕು. ಇನ್ನೂ ಜಾರಿದ್ರೆ ನಾನೇ ಹೇಳ್ತೀನಿ."

ತಾಲೀಮುಮನೆಯ ಗೋಡೆಗಳ ನಡುವೆ ತನ್ನದೇ ಕೊರತೆಯ ಬಗ್ಗೆ ಅಂಥ ನೇರ ವಾಕ್ಯವನ್ನು ಯಾರೂ ಕೇಳಿರಲಿಲ್ಲ; ಒಬ್ಬಿಬ್ಬರು ನಾಚಿ ಕಿಟಕಿಯ ಕಡೆ ತಿರುಗಿದರು. ಅಹ್ತಿ ಕಾಫಿಗೆ ಬಿಡುವು ಎನ್ನಲು ಬಾಯಿ ತೆರೆದ.

"ಸರಿ" ಎಂದ ಎಲ್ಮೇರಿ. ಪೆನ್ಸಿಲು ತೆಗೆದು ತನ್ನ ಹಾಳೆಯ ಮೇಲೆ ಬರೆದುಕೊಂಡ.

ಹಿಲ್ಕಾ ಸೊಂಟ ಹಿಡಿದುಕೊಂಡು ಬಗ್ಗಿ ಕುರ್ಚಿಯ ಬುಡಕ್ಕೆ ತೂರಿದಳು. ಉಸಿರೆಳೆದು ಅವನ ಮೊದಲ ಸ್ವರ ಕೊಟ್ಟಳು. ಎಲ್ಮೇರಿ ಅರ್ಧ ಕೂಡಿಸಿಕೊಂಡು ಎತ್ತಿದ. ಅವಳ ಕಿವಿಗೆ ಅದು ಮುಖ ಕಿವುಚಿಕೊಳ್ಳುವಷ್ಟು ಏರಿ ಕೇಳಿತು.

"ಸರಿಯಾಗಿದೆ" ಎಂದಳು. "ಮುಂದಿನ ಸಾಲು."